ಕಚೇರಿಯೊಳಗಿನ ಅಕ್ರಮವನ್ನು ಹೊರಗೆ ಹೇಳಿದರೆ ಇಂದು ಯಾವ ಕಾನೂನು ನಮ್ಮ ಬೆನ್ನಿಗಿದೆ?

ಪ್ರಶ್ನೆ: ಬಿಲ್ಲು ಶಾಖೆಯವನು

ನಾನು ರಾಜ್ಯ ಸರ್ಕಾರದ ಒಂದು ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕಾಮಗಾರಿಗಳ ಬಿಲ್ಲು ನೋಡಿಕೊಳ್ಳುವ ವಿಷಯ ನಿರ್ವಾಹಕನಾಗಿದ್ದೇನೆ. ಇಲಾಖೆಯ ಹೆಸರನ್ನಾಗಲಿ ಜಿಲ್ಲೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಯಾರೂ ಊಹಿಸಲು ಹೋಗಬೇಡಿ. ಈ ಕಚೇರಿಗೆ ವರ್ಗವಾಗಿ ಬಂದ ಮೇಲೆ ಹಳೆಯ ಪಾವತಿಗಳ ವಹಿಯನ್ನು ಓದುತ್ತಿದ್ದಾಗ ಒಂದೇ ಸಿಮೆಂಟ್ ಚರಂಡಿಗೆ ಎರಡು ಬೇರೆ ಬೇರೆ ಲೆಕ್ಕ ಶೀರ್ಷಿಕೆಗಳಡಿಯಲ್ಲಿ, ಅಂದರೆ ಬಜೆಟ್ಟಿನ ಎರಡು ಬಾಬತ್ತುಗಳಡಿಯಲ್ಲಿ, ಹಣ ಪಾವತಿಯಾಗಿರುವುದು ಕಂಡಿತು. ಒಂದು ಕಡತದಲ್ಲಿ ಕಾಮಗಾರಿಯ ಹೆಸರು ‘ಶಾಲೆಯಿಂದ ದೇವಸ್ಥಾನದವರೆಗೆ’ ಎಂದಿದೆ, ಇನ್ನೊಂದರಲ್ಲಿ ‘ದೇವಸ್ಥಾನದಿಂದ ಶಾಲೆಯವರೆಗೆ’ ಎಂದಿದೆ. ಎಂ.ಬಿ. ಎಂದು ನಾವು ಕರೆಯುವ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಮೂರೂ ಒಂದೇ. ಕಡತಕ್ಕೆ ಅಂಟಿಸಿರುವ ಫೋಟೋಗಳಲ್ಲಿಯೂ ಅದೇ ವಿದ್ಯುತ್ ಕಂಬ, ಅದೇ ಗೋಡೆ. ಹುಡುಕಿದಾಗ ಇಂಥ ಇನ್ನೊಂದು ಜೋಡಿ ಸಿಕ್ಕಿತು. ಈಗ ಮೂರನೆಯದರ ಬಿಲ್ಲು ಮಂಡನೆಗಾಗಿ ನನ್ನ ಮೇಜಿಗೆ ಬಂದಿದೆ.

ಆ ಊರಿನಲ್ಲಿ ಮಳೆಗಾಲದಲ್ಲಿ ನೀರು ಮನೆಗಳಿಗೆ ನುಗ್ಗುತ್ತದೆ. ಎರಡನೆಯ ಚರಂಡಿ ನಿಜವಾಗಿಯೂ ಕಟ್ಟಲ್ಪಟ್ಟಿದ್ದರೆ ನೀರು ಹೊರಗೆ ಹರಿಯುತ್ತಿತ್ತು ಎಂಬುದನ್ನು ನಾನೇ ಹೋಗಿ ನೋಡಿ ಬಂದಿದ್ದೇನೆ. ಆದ್ದರಿಂದ ಸುಮ್ಮನಿರಲು ನನಗೆ ಸಾಧ್ಯವಿಲ್ಲ.

ನನ್ನ ಪ್ರಶ್ನೆಗಳು ಇವು. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು ಎಂದು ಓದಿದ್ದೇನೆ. ಅದು ನನ್ನಂಥ ರಾಜ್ಯ ನೌಕರನಿಗೆ ಅನ್ವಯಿಸುತ್ತದೆಯೇ? ಲೋಕಾಯುಕ್ತಕ್ಕೆ ದೂರು ಕೊಟ್ಟರೆ ನನ್ನ ಹೆಸರು ಗುಟ್ಟಾಗಿ ಉಳಿಯುತ್ತದೆಯೇ? ಪತ್ರಿಕೆಯವರಿಗೆ ದಾಖಲೆ ಕೊಟ್ಟರೆ ನಾನು ಅಪರಾಧಿಯಾಗುತ್ತೇನೆಯೇ? ಮನೆಯಲ್ಲಿ ಈ ವಿಷಯ ಪ್ರಸ್ತಾಪಿಸಿದಾಗ ನಮ್ಮ ತಂದೆಯವರು, ಕಲಬೆರಕೆ ಇಂಧನ ತಡೆಯಲು ಹೋಗಿ ಕೊಲೆಯಾದ ಕೋಲಾರದ ಮಂಜುನಾಥ್ ಅವರ ಹೆಸರನ್ನಷ್ಟೇ ಹೇಳಿ ಎದ್ದು ಹೋದರು. ತಿಳಿದವರು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ವಕೀಲೆ, ಧಾರವಾಡ

ತಮ್ಮ ಮೊದಲ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ತಪ್ಪು ಭರವಸೆ ಇಟ್ಟುಕೊಂಡವರು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. 2014ರ ಕಾಯ್ದೆ ಪುಸ್ತಕದಲ್ಲಿದೆ, ಆದರೆ ಜಾರಿಯಲ್ಲಿಲ್ಲ. ಲೋಕಸಭೆ ಅದನ್ನು 2011ರ ಡಿಸೆಂಬರಿನಲ್ಲಿ, ರಾಜ್ಯಸಭೆ 2014ರ ಫೆಬ್ರವರಿಯಲ್ಲಿ ಅಂಗೀಕರಿಸಿದವು. ಅದೇ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿಯವರ ಅಂಕಿತವೂ ಬಿತ್ತು. ಆದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಮಾತ್ರ ಜಾರಿಗೆ ಬರತಕ್ಕದ್ದು ಎಂದು ಅದರ ಒಂದನೆಯ ಕಲಮಿನಲ್ಲೇ ಇದೆ, ಮತ್ತು ಆ ಅಧಿಸೂಚನೆ ಹೊರಬಿದ್ದೇ ಇಲ್ಲ. 2015ರಲ್ಲಿ ತಿದ್ದುಪಡಿ ಮಸೂದೆಯೊಂದು ಬಂದಿತು. ರಾಷ್ಟ್ರದ ಭದ್ರತೆ, ವಾಣಿಜ್ಯ ರಹಸ್ಯ ಮುಂತಾದ ಹತ್ತು ಬಗೆಯ ಮಾಹಿತಿಯನ್ನು ದೂರಿನಲ್ಲಿ ಹೇಳುವಂತೆಯೇ ಇಲ್ಲ ಎನ್ನುವ ಮಸೂದೆ ಅದು. ಲೋಕಸಭೆ ಅದಕ್ಕೆ ಒಪ್ಪಿತು, ರಾಜ್ಯಸಭೆಯಲ್ಲಿ ಅದು ನಿಂತಿತು, 2019ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಮೂಲ ಕಾಯ್ದೆ ಮಾತ್ರ ಇದ್ದಲ್ಲಿಯೇ ಇದೆ.

ಜಾರಿಗೆ ಬಂದಿದ್ದರೆ ಅದರಿಂದ ಪ್ರಯೋಜನವಿತ್ತು. ದೂರುದಾರನನ್ನು ಎತ್ತಂಗಡಿ ಮಾಡಿದರೆ ಅದು ಸೇಡಿನ ಕ್ರಮವಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಆ ಕಾಯ್ದೆ ಇಲಾಖೆಯ ಮೇಲೆ ಹಾಕುತ್ತದೆ. ದೂರುದಾರನ ಗುರುತನ್ನು ಬಯಲು ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸವಿದೆ. ಅನಾಮಧೇಯ ದೂರನ್ನು ಅದು ಸ್ವೀಕರಿಸುವುದಿಲ್ಲ. ಸುಳ್ಳೆಂದು ತಿಳಿದೂ ದುರುದ್ದೇಶದಿಂದ ದೂರಿದವರಿಗೆ ಎರಡು ವರ್ಷದವರೆಗೆ ಶಿಕ್ಷೆಯನ್ನೂ ಇಟ್ಟಿದೆ. ಸಮತೋಲದ ಕಾಯ್ದೆ ಎಂದೇ ನನ್ನ ಅಭಿಪ್ರಾಯ. ಇಷ್ಟು ವರ್ಷ ಅದನ್ನು ಕೂಡಿಹಾಕಿರುವುದಕ್ಕೆ ಒಪ್ಪತಕ್ಕ ಕಾರಣವನ್ನು ನಾನು ಇದುವರೆಗೆ ಕೇಳಿಲ್ಲ.

ಗುರುತು ಬಯಲಾಗುವುದು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಸತ್ಯೇಂದ್ರ ದುಬೆಯವರ ಪ್ರಕರಣವನ್ನು ನೆನೆಯಬೇಕು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರಾಗಿದ್ದ ಅವರು ಸುವರ್ಣ ಚತುಷ್ಪಥ ಯೋಜನೆಯ ಕಾಮಗಾರಿಗಳಲ್ಲಿನ ಅಕ್ರಮಗಳ ಬಗ್ಗೆ 2002ರ ನವೆಂಬರಿನಲ್ಲಿ ಪ್ರಧಾನಿ ಕಾರ್ಯಾಲಯಕ್ಕೆ ಪತ್ರ ಬರೆದರು. ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಅದರಲ್ಲಿಯೇ ಕೋರಿದ್ದರು. ಪತ್ರ ಅವರ ಹೆಸರಿನ ಸಮೇತ ಸಚಿವಾಲಯಕ್ಕೆ ಹೋಯಿತು, ಅಲ್ಲಿಂದ ಅವರ ಪ್ರಾಧಿಕಾರಕ್ಕೇ ಬಂದಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅದು ದರೋಡೆಯ ವೇಳೆ ನಡೆದ ಕೊಲೆ ಎಂದು ಸಿಬಿಐ ಹೇಳಿತು, 2010ರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. ಕುಟುಂಬ ಆ ತೀರ್ಮಾನವನ್ನು ಒಪ್ಪಲಿಲ್ಲ. ಕೊಲೆಯ ಕಾರಣದ ಬಗ್ಗೆ ಯಾರು ಏನೇ ಹೇಳಲಿ, ಗುಟ್ಟಾಗಿಡಿ ಎಂದು ಬೇಡಿದ ಹೆಸರು ಮೇಜಿನಿಂದ ಮೇಜಿಗೆ ಹೋದದ್ದಂತೂ ನಡೆದದ್ದೇ. ಆ ಬಳಿಕ ಸುಪ್ರೀಂ ಕೋರ್ಟಿನ ಒತ್ತಾಯದ ಮೇಲೆ 2004ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕ ಹಿತಾಸಕ್ತಿಯ ಬಹಿರಂಗ ನಿರ್ಣಯ ಎಂಬುದೊಂದನ್ನು ಹೊರಡಿಸಿ, ಇಂಥ ದೂರುಗಳನ್ನು ಪಡೆಯುವ ಅಧಿಕಾರವನ್ನು ಕೇಂದ್ರ ಜಾಗೃತ ಆಯೋಗಕ್ಕೆ ಕೊಟ್ಟಿತು. ಇಂದಿಗೂ ದೇಶದಲ್ಲಿ ಜೀವಂತವಾಗಿರುವುದು ಆ ನಿರ್ಣಯವೇ. ಅದು ಕೇಂದ್ರ ಸರ್ಕಾರದ ನೌಕರರು ಮತ್ತು ಕೇಂದ್ರೋದ್ಯಮಗಳಿಗೆ ಸಂಬಂಧಪಟ್ಟದ್ದು; ರಾಜ್ಯ ಇಲಾಖೆಯ ವಿರುದ್ಧದ ತಮ್ಮ ದೂರು ಅದರ ವ್ಯಾಪ್ತಿಗೆ ಬರುವುದಿಲ್ಲ.

ಉತ್ತರ: ನಿವೃತ್ತ ಲೆಕ್ಕಾಧಿಕಾರಿ

ವಕೀಲೆಯವರು ಕಾನೂನನ್ನು ಸರಿಯಾಗಿ ವಿವರಿಸಿದ್ದಾರೆ. ಕಚೇರಿಯೊಳಗಿನ ಮಾತನ್ನು ನಾನು ಹೇಳುತ್ತೇನೆ.

ತಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಾದದ್ದು ಆ ಮೂರನೆಯ ಬಿಲ್ಲು. ದಯವಿಟ್ಟು ಅದನ್ನು ಬಾಯಿಮಾತಿನ ಮೇಲೆ ಮಂಡಿಸಬೇಡಿ. ಮುಂದೊಂದು ದಿನ ಇಲಾಖಾ ವಿಚಾರಣೆ ನಡೆದರೆ ದೋಷಾರೋಪಣಾ ಪಟ್ಟಿಯಲ್ಲಿ ಮೊದಲು ಬರುವುದು ಬಿಲ್ಲನ್ನು ಪರಿಶೀಲಿಸಿ ಮಂಡಿಸಿದ ವಿಷಯ ನಿರ್ವಾಹಕನ ಹೆಸರು. ಎಂಜಿನಿಯರ್ ಮತ್ತು ಗುತ್ತಿಗೆದಾರರ ಹೆಸರುಗಳು ಆಮೇಲೆ. ಟಿಪ್ಪಣಿ ಹಾಳೆಯಲ್ಲಿ ಯಾರ ಮೇಲೂ ಆರೋಪ ಹೊರಿಸದೆ, ‘ಇಲ್ಲಿಂದ ಇಲ್ಲಿಯವರೆಗಿನ ಈ ಕಾಮಗಾರಿಗೆ ಇಂಥ ವರ್ಷದಲ್ಲಿ ಇಂಥ ಲೆಕ್ಕ ಶೀರ್ಷಿಕೆಯಡಿ ಪಾವತಿಯಾಗಿರುವಂತೆ ಕಂಡುಬರುತ್ತದೆ, ಸ್ಥಳ ಪರಿಶೀಲನಾ ವರದಿ ಪಡೆದು ಮುಂದುವರಿಯಬಹುದು’ ಎಂದು ಬರೆದು, ದಿನಾಂಕ ಹಾಕಿ ಮೇಲಕ್ಕೆ ಕಳುಹಿಸಿ. ಇದು ಬಂಡಾಯವಲ್ಲ, ತಮ್ಮ ಹುದ್ದೆಗೆ ಸಂಬಳ ಕೊಡುವುದೇ ಇದಕ್ಕಾಗಿ. ಆ ಟಿಪ್ಪಣಿಯನ್ನು ಮೀರಿ ಸಹಿ ಮಾಡುವವರು ತಮ್ಮ ಕಾರಣವನ್ನು ತಾವೇ ಬರೆಯಬೇಕಾಗುತ್ತದೆ, ಮತ್ತು ಹೆಚ್ಚಿನವರು ಬರೆಯಲು ಹಿಂಜರಿಯುತ್ತಾರೆ. ಕಾಗದದ ಕಡತಕ್ಕಿಂತ ಇ-ಕಚೇರಿಯ ಕಡತದಲ್ಲಿ ಇದಕ್ಕೆ ಇನ್ನೂ ಹೆಚ್ಚು ಬೆಲೆ, ಏಕೆಂದರೆ ಅಲ್ಲಿ ಹಾಳೆಯನ್ನು ಬದಲಾಯಿಸಲು ಬರುವುದಿಲ್ಲ.

ಎರಡನೆಯ ದಾರಿ ಲೆಕ್ಕಪರಿಶೋಧನೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ ತಂಡ ಬಂದಾಗ ಅವರು ಕೇಳಿದ ವಹಿ, ಅಳತೆ ಪುಸ್ತಕ, ಫೋಟೋ ಎಲ್ಲವನ್ನೂ ಒಂದೇ ಸಲಕ್ಕೆ, ಒಂದೇ ಮೇಜಿನ ಮೇಲೆ ಇಟ್ಟರೆ ಸಾಕು. ಎರಡು ಶೀರ್ಷಿಕೆಗಳ ಕಡತಗಳು ಬೇರೆ ಬೇರೆ ದಿನ ಹೋದಾಗ ಕಾಣದ್ದು ಒಟ್ಟಿಗೆ ಹೋದಾಗ ಕಾಣುತ್ತದೆ. ಲೆಕ್ಕಪರಿಶೋಧಕರ ಆಕ್ಷೇಪಣೆಗೆ ಯಾವ ನೌಕರನ ಹೆಸರೂ ಅಂಟಿಕೊಂಡಿರುವುದಿಲ್ಲ.

ಲೋಕಾಯುಕ್ತದ ವಿಷಯ. 1984ರ ನಮ್ಮ ರಾಜ್ಯದ ಕಾಯ್ದೆಯಂತೆ ದೂರನ್ನು ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಕೊಡಬೇಕು, ತನಿಖೆ ಕೈಗೊಳ್ಳುವಾಗ ದೂರಿನ ಪ್ರತಿ ಆಪಾದಿತ ನೌಕರನಿಗೂ ಅವರ ಮೇಲೆ ಕ್ರಮ ಕೈಗೊಳ್ಳಬಲ್ಲ ಸಕ್ಷಮ ಪ್ರಾಧಿಕಾರಕ್ಕೂ ಹೋಗುತ್ತದೆ. ಹಾಗಾಗಿ ಹೆಸರು ಗುಟ್ಟಾಗಿ ಉಳಿಯುತ್ತದೆ ಎಂದು ತಿಳಿಯಬೇಡಿ. ಆದರೂ ಆ ಸಂಸ್ಥೆಯ ಮೇಲೆ ನನಗೆ ಗೌರವವಿದೆ. ಬಳ್ಳಾರಿಯ ಗಣಿಗಾರಿಕೆಯ ಬಗ್ಗೆ ಆಗಿನ ಲೋಕಾಯುಕ್ತರಾದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ವರದಿ ಸಲ್ಲಿಸಿದರು. ಆ ತಿಂಗಳು ಮುಗಿಯುವುದರೊಳಗೆ ಮುಖ್ಯಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು, ಬೇಲೆಕೇರಿ ಬಂದರಿನಲ್ಲಿ ಅಕ್ರಮ ಅದಿರನ್ನು ಮುಟ್ಟುಗೋಲು ಹಾಕಿಕೊಂಡ ಅರಣ್ಯಾಧಿಕಾರಿ ಆರ್. ಗೋಕುಲ್ ಅವರನ್ನು ಅಮಾನತು ಮಾಡಲು ಸರ್ಕಾರ ಮುಂದಾದಾಗ ಹೆಗ್ಡೆಯವರು ತಮ್ಮ ಹುದ್ದೆಗೇ ರಾಜೀನಾಮೆ ಬರೆದಿದ್ದರು, ಬಳಿಕ ಅದನ್ನು ಹಿಂಪಡೆದರು. ಕೆಳಗಿನ ಅಧಿಕಾರಿಯೊಬ್ಬರಿಗಾಗಿ ಮೇಲಿನವರು ಹಾಗೆ ನಿಂತದ್ದನ್ನು ನನ್ನ ಸೇವಾವಧಿಯಲ್ಲಿ ಬೇರೆಲ್ಲೂ ಕಂಡಿಲ್ಲ.

ಪತ್ರಿಕೆಗೆ ಹೋಗುವುದನ್ನು ಮಾತ್ರ ನಾನು ಸಲಹೆ ಮಾಡಲಾರೆ. ಸುದ್ದಿ ಮೊದಲು ಬಂದರೆ ಅಳತೆ ಪುಸ್ತಕ ಕಾಣೆಯಾಗುತ್ತದೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಅರೆಬರೆ ಸುದ್ದಿಯೊಂದು ಪ್ರಕಟವಾಗಿ, ಅಕ್ರಮಕ್ಕೆ ಒಪ್ಪದೆ ಕುಳಿತಿದ್ದ ಕಿರಿಯ ಎಂಜಿನಿಯರ್ ಹೆಸರೇ ಅದರಲ್ಲಿ ಬಂದಿತು. ಆ ಮನುಷ್ಯ ನಿವೃತ್ತಿಯವರೆಗೂ ಅದನ್ನು ಹೊತ್ತುಕೊಂಡೇ ಓಡಾಡಿದರು.

ಉತ್ತರ: ಜಿಲ್ಲಾ ವರದಿಗಾರ

ಲೆಕ್ಕಾಧಿಕಾರಿಗಳ ಮೇಲಿನ ಗೌರವವನ್ನು ಇಟ್ಟುಕೊಂಡೇ ಅವರ ಕೊನೆಯ ಮಾತನ್ನು ಒಪ್ಪಲಾರೆ. ಕರ್ತವ್ಯದ ಗೆರೆಯೊಳಗೆ ಇದ್ದವರು ಸುರಕ್ಷಿತವಾಗಿರುತ್ತಾರೆ ಎಂಬ ನಂಬಿಕೆ ಅವರ ಬರಹದಲ್ಲಿದೆ. ಎಸ್.ಪಿ. ಮಹಾಂತೇಶ್ ಅವರು ಸಹಕಾರ ಇಲಾಖೆಯ ಲೆಕ್ಕಪರಿಶೋಧನಾ ಉಪನಿರ್ದೇಶಕರಾಗಿದ್ದು, ಗೃಹ ನಿರ್ಮಾಣ ಸಹಕಾರ ಸಂಘಗಳ ನಿವೇಶನ ಹಂಚಿಕೆಯಲ್ಲಿನ ಅಕ್ರಮಗಳನ್ನು ಬರೆದಿಟ್ಟವರು. ಅದು ಅವರ ಹುದ್ದೆಯ ಕೆಲಸವೇ ಆಗಿತ್ತು. 2012ರ ಮೇ ತಿಂಗಳಲ್ಲಿ ಬೆಂಗಳೂರಿನ ನಡುಭಾಗದಲ್ಲಿ ಅವರ ಮೇಲೆ ಹಲ್ಲೆ ನಡೆಯಿತು, ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಪ್ರಶ್ನೆ ಕೇಳಿದವರ ತಂದೆಯವರು ನೆನೆದ ಷಣ್ಮುಗಂ ಮಂಜುನಾಥ್ ಅವರೂ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗಮುದ್ರೆ ಹಾಕಿ, ಮತ್ತೆ ಪರಿಶೀಲನೆಗೆ ಹೋದವರು. ಅದೂ ಅವರ ಕೆಲಸವೇ. ಕಡತದಲ್ಲಿ ಬರೆಯುವುದು ಅಗತ್ಯ, ಆದರೆ ಅಷ್ಟಕ್ಕೇ ನಿಂತರೆ ವಿಷಯವನ್ನು ಬಲ್ಲವನು ಒಬ್ಬನೇ ಆಗಿ ಉಳಿಯುತ್ತಾನೆ, ಮತ್ತು ಒಬ್ಬನಿಗೇ ತಿಳಿದಿರುವ ವಿಷಯವನ್ನು ಮುಚ್ಚುವುದು ಸುಲಭ. ಹತ್ತು ಸಾವಿರ ಜನ ಓದಿದ ವಿಷಯಕ್ಕಾಗಿ ಒಬ್ಬ ಗುಮಾಸ್ತನನ್ನು ಹೆದರಿಸಿ ಪ್ರಯೋಜನವಿಲ್ಲ.

ಪತ್ರಿಕೆಗೆ ಹೋಗುವವರು ಪತ್ರಿಕೆಯ ಮಿತಿಗಳನ್ನೂ ತಿಳಿದಿರಬೇಕು. ಮೂಲವನ್ನು ಬಹಿರಂಗಪಡಿಸದಿರುವ ಹಕ್ಕು ಪತ್ರಕರ್ತರಿಗೆ ಪೂರ್ಣವಾಗಿದೆ ಎಂದು ಬಹಳ ಜನ ತಿಳಿದಿದ್ದಾರೆ. 1978ರ ಪತ್ರಿಕಾ ಮಂಡಳಿ ಕಾಯ್ದೆಯ 15ನೆಯ ಕಲಮಿನಲ್ಲಿ ಅಂಥ ರಕ್ಷಣೆ ಇದೆ, ಆದರೆ ಅದು ಮಂಡಳಿಯ ಮುಂದಿನ ವಿಚಾರಣೆಗೆ ಮಾತ್ರ. ನ್ಯಾಯಾಲಯ ಕೇಳಿದರೆ ಹೇಳಲಾರೆ ಎನ್ನಲು ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಸಣ್ಣ ಜಿಲ್ಲಾ ಪತ್ರಿಕೆಗಳಿಗೆ ಸರ್ಕಾರಿ ಜಾಹೀರಾತು ಉಸಿರು. ಮಾಧ್ಯಮ ಪಟ್ಟಿಯಿಂದ ಹೆಸರು ಹೋದರೆ ತಿಂಗಳ ಸಂಬಳ ಹೋಗುತ್ತದೆ ಎಂಬ ಭಯದಲ್ಲಿ ಸಂಪಾದಕರು ಕೈಬಿಟ್ಟ ಸುದ್ದಿಗಳನ್ನು ನಾನು ಕಂಡಿದ್ದೇನೆ. 2017ರ ಜೂನಿನಲ್ಲಿ ಶಾಸಕರ ಬಗ್ಗೆ ಬರೆದದ್ದು ಹಕ್ಕುಚ್ಯುತಿ ಎಂದು ನಮ್ಮ ವಿಧಾನಸಭೆಯೇ ಇಬ್ಬರು ಸಂಪಾದಕರಿಗೆ ಒಂದು ವರ್ಷದ ಸೆರೆವಾಸ ಮತ್ತು ಹತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ಆ ಬರಹಗಳ ಗುಣಮಟ್ಟ ಹೇಗೇ ಇರಲಿ, ದೂರುದಾರರೂ ತೀರ್ಪುಗಾರರೂ ಒಂದೇ ಸಭೆಯವರಾದಾಗ ಅದನ್ನು ನ್ಯಾಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಶಾಸಕಾಂಗದ ಹಕ್ಕುಬಾಧ್ಯತೆಗಳನ್ನು ಇಂದಿಗೂ ಕಾನೂನಾಗಿ ಬರೆದಿಟ್ಟಿಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ ಧೈರ್ಯ ತರುವ ತೀರ್ಪುಗಳೂ ಇವೆ. ರಫೇಲ್ ವಿಮಾನ ಖರೀದಿಯ ದಾಖಲೆಗಳನ್ನು ‘ದಿ ಹಿಂದು’ ಪ್ರಕಟಿಸಿದಾಗ, ಅವು ರಕ್ಷಣಾ ಸಚಿವಾಲಯದಿಂದ ಅಕ್ರಮವಾಗಿ ಹೊರಹೋದ ಕಾಗದಗಳಾದ್ದರಿಂದ ನ್ಯಾಯಾಲಯ ಅವನ್ನು ನೋಡಕೂಡದು ಎಂದು ಸರ್ಕಾರ ವಾದಿಸಿತು. 2019ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿದರು. ವಿಯೆಟ್ನಾಂ ಯುದ್ಧದ ರಹಸ್ಯ ಅಧ್ಯಯನವನ್ನು ಡೇನಿಯಲ್ ಎಲ್ಸ್‌ಬರ್ಗ್ ಪತ್ರಿಕೆಗಳಿಗೆ ತಲುಪಿಸಿದಾಗ ಪ್ರಕಟಣೆಗೆ ತಡೆಯೊಡ್ಡಲು ಒಪ್ಪದ ಅಮೆರಿಕದ ಸುಪ್ರೀಂ ಕೋರ್ಟಿನ 1971ರ ತೀರ್ಪನ್ನೂ ಅವರು ಉಲ್ಲೇಖಿಸಿದರು. ಮೂಲ ಪ್ರಕರಣದಲ್ಲಿ ಅರ್ಜಿದಾರರಿಗೆ ಕೊನೆಗೆ ಜಯ ಸಿಗಲಿಲ್ಲ, ಆದರೆ ದಾಖಲೆಯ ಬಗೆಗಿನ ಆ ತತ್ತ್ವ ಉಳಿದಿದೆ.

ಈಗ ತಮಗೆ ನೇರವಾಗಿ ಹೇಳಬೇಕಾದದ್ದು. ಪತ್ರಕರ್ತನಿಗೆ ದಾಖಲೆಯನ್ನು ಕೊಡಬೇಡಿ, ದಾಖಲೆ ಎಲ್ಲಿದೆ ಎಂಬುದನ್ನು ಹೇಳಿ. ಕಚೇರಿಯ ಕಾಗದ ತಮ್ಮ ಕೈಯಿಂದ ಹೊರಬಿದ್ದರೆ ನಡತೆ ನಿಯಮಗಳ ಉಲ್ಲಂಘನೆ ಎಂದು ತಮ್ಮನ್ನೇ ಮೊದಲು ಹಿಡಿಯುತ್ತಾರೆ, ಚರಂಡಿಯ ವಿಷಯ ಹಿಂದಕ್ಕೆ ಸರಿಯುತ್ತದೆ. ಅದೇ ಕಾಗದವನ್ನು ಮಾಹಿತಿ ಹಕ್ಕಿನಡಿ ಯಾವ ನಾಗರಿಕನಾದರೂ ಮುಂಬಾಗಿಲಿನಿಂದಲೇ ಪಡೆಯಬಹುದು. 2005ರ ಆ ಕಾಯ್ದೆಯ 2ನೆಯ ಕಲಮಿನಲ್ಲಿ ಕಾಗದದ ನಕಲು ಮಾತ್ರವಲ್ಲ, ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ ಹಕ್ಕೂ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಇದನ್ನು ಬಳಸುವವರು ಬಹಳ ಕಡಿಮೆ. ಕಚೇರಿಯ ಕಂಪ್ಯೂಟರಿನಿಂದ, ಕಚೇರಿಯ ಫೋನಿನಿಂದ, ಸಹೋದ್ಯೋಗಿಗಳಿರುವ ವಾಟ್ಸ್‌ಆ್ಯಪ್ ಗುಂಪಿನ ಸಂಖ್ಯೆಯಿಂದ ಯಾರೊಂದಿಗೂ ಈ ವಿಷಯ ಮಾತನಾಡಬೇಡಿ. ಫೋಟೋ ತೆಗೆದು ಕಳುಹಿಸಿದರೆ ಅದರೊಳಗೆ ಸಮಯ, ಸ್ಥಳ, ಫೋನಿನ ಮಾದರಿ ಎಲ್ಲ ಉಳಿದಿರಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಟಿಪ್ಪಣಿ ಬರೆಯುವ ಸಲಹೆಯನ್ನು ನಾಳೆಯೇ ಪಾಲಿಸುತ್ತೇನೆ. ಆದರೆ ವರದಿಗಾರರು ಹೇಳಿದ ದಾರಿಯಲ್ಲಿ ಒಂದು ಆತಂಕವಿದೆ. ನಮ್ಮ ಕಚೇರಿಯಲ್ಲಿ ಈ ಕಡತಗಳನ್ನು ಮುಟ್ಟುವವರು ಮೂರು ನಾಲ್ಕು ಜನ. ನಾನು ಟಿಪ್ಪಣಿ ಬರೆದ ವಾರದಲ್ಲೇ ಯಾರೋ ಅದೇ ಚರಂಡಿಯ, ಅದೇ ಎರಡು ಕಡತಗಳ ಸಂಖ್ಯೆ ಹಾಕಿ ಮಾಹಿತಿ ಕೇಳಿದರೆ ಬೆರಳು ಯಾರ ಕಡೆ ತಿರುಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಅರ್ಜಿ ಹಾಕಿದವರ ಮನೆಗೇ ಗುತ್ತಿಗೆದಾರರು ಹೋದ ಉದಾಹರಣೆ ನಮ್ಮ ತಾಲ್ಲೂಕಿನಲ್ಲಿದೆ. ಇನ್ನೊಂದು ವಿಷಯವನ್ನೂ ಕೇಳಬೇಕು: ಈ ಶೀರ್ಷಿಕೆಗಳಲ್ಲಿ ಒಂದರ ಹಣ ಕೇಂದ್ರದ ಯೋಜನೆಯಿಂದ ಬಂದದ್ದು. ಹಾಗಿದ್ದರೆ ಕೇಂದ್ರ ಜಾಗೃತ ಆಯೋಗಕ್ಕೆ ಬರೆಯಬಹುದೇ?

ಉತ್ತರ: ಕೇಂದ್ರೋದ್ಯಮದ ನೌಕರ, ಮಂಗಳೂರು

ಕೊನೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ಆಯೋಗದ ವ್ಯಾಪ್ತಿ ಹಣ ಎಲ್ಲಿಂದ ಬಂತು ಎಂಬುದರ ಮೇಲಲ್ಲ, ನೌಕರ ಯಾರ ಅಧೀನ ಎಂಬುದರ ಮೇಲೆ ನಿಂತಿದೆ. ತಪ್ಪು ಮಾಡಿದವರು ರಾಜ್ಯ ನೌಕರರಾದರೆ ಅವರು ತೆಗೆದುಕೊಳ್ಳುವುದಿಲ್ಲ.

ಆದರೆ ಅವರ ಪದ್ಧತಿಯನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ನಮ್ಮ ರಾಜ್ಯದಲ್ಲಿ ಇಂಥದೊಂದು ಏಕೆ ಇರಬಾರದು ಎಂದು ಶಾಸಕರನ್ನು ಕೇಳುವವರಿಗೆ ಅದು ಉಪಯೋಗಕ್ಕೆ ಬರುತ್ತದೆ. ದೂರನ್ನು ಮುಚ್ಚಿದ, ಅಂಟಿಸಿದ ಲಕೋಟೆಯಲ್ಲಿ ಕಳುಹಿಸಬೇಕು, ಇದು ಸಾರ್ವಜನಿಕ ಹಿತಾಸಕ್ತಿಯ ಬಹಿರಂಗ ನಿರ್ಣಯದಡಿಯ ದೂರು ಎಂದು ಲಕೋಟೆಯ ಮೇಲೆ ಬರೆಯಬೇಕು. ಕಳುಹಿಸಿದವರ ಹೆಸರು, ವಿಳಾಸ ಲಕೋಟೆಯ ಮೇಲೆ ಇರಕೂಡದು. ಒಳಗೆ ಮಾತ್ರ ಇರಬೇಕು, ಏಕೆಂದರೆ ಹೆಸರಿಲ್ಲದ ದೂರನ್ನು ಅವರು ನೋಡುವುದಿಲ್ಲ. ದೂರು ಬಂದದ್ದು ನಿಜಕ್ಕೂ ಆ ವ್ಯಕ್ತಿಯಿಂದಲೇ ಎಂದು ಖಚಿತಪಡಿಸಿಕೊಂಡ ಮೇಲೆ ಹೆಸರನ್ನು ಬೇರ್ಪಡಿಸಿ, ವಿಷಯವನ್ನಷ್ಟೇ ತನಿಖೆಗೆ ಕಳುಹಿಸುತ್ತಾರೆ. ದುಬೆಯವರ ಪತ್ರಕ್ಕೆ ಏನು ಆಗಬೇಕಿತ್ತೋ ಅದನ್ನು ಅವರ ಸಾವಿನ ನಂತರ ನಿಯಮವಾಗಿ ಬರೆದರು. ದೂರಿನಲ್ಲಿ ‘ನಾನು ಈ ಶಾಖೆಯಲ್ಲಿದ್ದಾಗ’, ‘ನನಗೆ ಮೇಲಧಿಕಾರಿಗಳು ಹೇಳಿದರು’ ಎಂಬಂಥ ವಾಕ್ಯಗಳಿದ್ದರೆ ಹೆಸರು ತೆಗೆದರೂ ಗುರುತು ಉಳಿಯುತ್ತದೆ ಎಂಬುದನ್ನು ನಮ್ಮಲ್ಲಿ ಅನುಭವವುಳ್ಳವರು ಹೇಳುತ್ತಾರೆ. ತಾವು ಯಾರಿಗೇ ಬರೆದರೂ ಈ ಎಚ್ಚರ ಇರಲಿ.

ಮಂಜುನಾಥ್ ಅವರ ಬಗ್ಗೆ ಎರಡು ಮಾತು. ಕೋಲಾರ ಜಿಲ್ಲೆಯ ಹುಡುಗ, ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಲಖನೌದ ಐಐಎಂ ಮುಗಿಸಿ ಇಂಡಿಯನ್ ಆಯಿಲ್ ಸೇರಿದವರು. 2005ರ ನವೆಂಬರ್ 19ರಂದು ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕೊಲೆಯಾದಾಗ ಅವರಿಗೆ 27 ವರ್ಷ. ಆ ಪ್ರಕರಣ ತಣ್ಣಗಾಗದಂತೆ ನೋಡಿಕೊಂಡವರು ಅವರ ಸಹಪಾಠಿಗಳು. ಟ್ರಸ್ಟ್ ಕಟ್ಟಿ, ಪತ್ರಿಕೆಗಳಲ್ಲಿ ಸುದ್ದಿ ಸಾಯದಂತೆ ಕಾಯ್ದರು. 2007ರಲ್ಲಿಯೇ ವಿಚಾರಣಾ ನ್ಯಾಯಾಲಯದ ತೀರ್ಪು ಬಂತು; ಮುಖ್ಯ ಆರೋಪಿಗೆ ವಿಧಿಸಿದ್ದ ಮರಣದಂಡನೆಯನ್ನು ಹೈಕೋರ್ಟ್ ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಲೆಕ್ಕಾಧಿಕಾರಿಗಳು ಪತ್ರಿಕೆಯ ಅಪಾಯವನ್ನು ಹೇಳಿದ್ದು ಸುಳ್ಳಲ್ಲ. ಆದರೆ ಮಂಜುನಾಥ್ ಅವರ ತಂದೆ ತಾಯಿಗೆ ಅಷ್ಟಾದರೂ ನ್ಯಾಯ ದೊರೆತದ್ದರಲ್ಲಿ ಪತ್ರಿಕೆಗಳ ಪಾಲು ದೊಡ್ಡದು.

ಉತ್ತರ: ನಿವೃತ್ತ ಲೆಕ್ಕಾಧಿಕಾರಿ

ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಆಕ್ಷೇಪ ಸುದ್ದಿಯ ಮೇಲಲ್ಲ, ಪರಿಶೀಲಿಸದ ಸುದ್ದಿಯ ಮೇಲೆ. ಅಳತೆ ಪುಸ್ತಕದ ಪ್ರಮಾಣೀಕೃತ ನಕಲು ಕೈಯಲ್ಲಿದ್ದು, ಚರಂಡಿಯನ್ನು ಟೇಪು ಹಿಡಿದು ಅಳೆದು ಬಂದು, ಸಂಬಂಧಪಟ್ಟ ಅಧಿಕಾರಿಯ ಉತ್ತರವನ್ನೂ ಕೇಳಿ ಬರೆಯುವ ವರದಿಗಾರರಿದ್ದರೆ ನಾನೇ ಮೊದಲ ಓದುಗ.

ಇನ್ನೊಂದನ್ನು ವಿಷಯಕ್ಕೆ ಸೇರಿದ್ದೆಂದು ಹೇಳುತ್ತೇನೆ. 2016ರಲ್ಲಿ ರಾಜ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಅದಕ್ಕೆ ವರ್ಗಾಯಿಸಿತು. ಆ ದಳ ಮುಖ್ಯಮಂತ್ರಿಗಳ ಅಧೀನದಲ್ಲಿತ್ತು. ಯಾರ ಲೆಕ್ಕ ಕೇಳಬೇಕೋ ಅವರ ಕೈಗೇ ಕೇಳುವ ಅಧಿಕಾರವನ್ನು ಕೊಟ್ಟಂತಾಯಿತು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಆ ನಡುವಿನ ಆರು ವರ್ಷಗಳಲ್ಲಿ ನಮ್ಮಂಥವರು ಯಾರ ಬಳಿಗೆ ಹೋಗಬೇಕು ಎಂದು ತಿಳಿಯದೆ ಕುಳಿತದ್ದುಂಟು.

ಉತ್ತರ: ವಕೀಲೆ, ಧಾರವಾಡ

ತಮ್ಮ ಆತಂಕ ನ್ಯಾಯವಾದದ್ದು, ಅದಕ್ಕೆ ಉಪಾಯವೂ ಇದೆ. ಮಾಹಿತಿ ಅರ್ಜಿಯಲ್ಲಿ ಕಡತದ ಸಂಖ್ಯೆ ಬೇಡ, ಚರಂಡಿಯ ಹೆಸರೂ ಬೇಡ. ಇಂಥ ಇಂಥ ಆರ್ಥಿಕ ವರ್ಷಗಳಲ್ಲಿ ತಾಲ್ಲೂಕಿನ ಆ ಹೋಬಳಿಯಲ್ಲಿ ಎಲ್ಲ ಲೆಕ್ಕ ಶೀರ್ಷಿಕೆಗಳಡಿ ನಡೆದ ಕಾಮಗಾರಿಗಳ ಪಟ್ಟಿ, ಪಾವತಿಯಾದ ಮೊತ್ತ, ದಿನಾಂಕ ಎಂದು ಕೇಳಬೇಕು. ಪಟ್ಟಿ ಬಂದ ಮೇಲೆ ಅದರಲ್ಲಿನ ಹತ್ತು ಹನ್ನೆರಡು ಕಾಮಗಾರಿಗಳನ್ನು ಆರಿಸಿ ಅವುಗಳ ಅಳತೆ ಪುಸ್ತಕವನ್ನು ಕೇಳಿದರೆ, ಬೇಕಾದ ಎರಡೂ ಅವುಗಳ ನಡುವೆ ಸೇರಿಕೊಂಡಿರುತ್ತವೆ. ಟಿಪ್ಪಣಿಗೂ ಅರ್ಜಿಗೂ ನಡುವೆ ಸಮಯ ಹೋಗಲಿ. ಅರ್ಜಿಯನ್ನು ಆ ಊರಿನವರೇ ಹಾಕಬೇಕೆಂದಿಲ್ಲ, ಭಾರತದ ಯಾವ ನಾಗರಿಕರಾದರೂ ಹಾಕಬಹುದು. ಕಾರಣವನ್ನು ಹೇಳಬೇಕಾಗಿಯೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದಗಳನ್ನು ಮೀರಕೂಡದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಈ ನೆಪದಲ್ಲಿ ತಿರಸ್ಕೃತವಾಗುವ ಅರ್ಜಿಗಳು ಬಹಳ.

30 ದಿನಗಳೊಳಗೆ ಉತ್ತರ ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ರಾಜ್ಯ ಮಾಹಿತಿ ಆಯೋಗ. ಗುತ್ತಿಗೆದಾರನ ಹೆಸರು ವೈಯಕ್ತಿಕ ಮಾಹಿತಿ ಎಂಬ ಕಾರಣ ಕೊಟ್ಟು ನಿರಾಕರಿಸುವ ಸಾಧ್ಯತೆ ಈಗ ಹೆಚ್ಚಾಗಿದೆ, ಏಕೆಂದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಉಪಕಲಮನ್ನು ತಿದ್ದಿ, ಅಲ್ಲಿದ್ದ ಸಾರ್ವಜನಿಕ ಹಿತದ ಮಾತನ್ನು ತೆಗೆದುಹಾಕಿದೆ. ಇದು ಬಹಳ ದೊಡ್ಡ ನಷ್ಟ, ಪತ್ರಕರ್ತರೂ ನಾಗರಿಕ ಸಂಘಟನೆಗಳೂ ಅದನ್ನು ವಿರೋಧಿಸಿದ್ದು ಸರಿಯಾಗಿಯೇ ಇತ್ತು. ಆದರೆ 8(2) ಇನ್ನೂ ಇದೆ: ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚೆಂದು ಕಂಡರೆ ವಿನಾಯಿತಿಯ ಮಾಹಿತಿಯನ್ನೂ ಕೊಡಬಹುದು ಎನ್ನುತ್ತದೆ ಅದು. ಮೇಲ್ಮನವಿಯಲ್ಲಿ ಈ ಕಲಮನ್ನು ಹೆಸರಿಸಿ, ಒಂದೇ ಕಾಮಗಾರಿಗೆ ಎರಡು ಪಾವತಿಯ ಶಂಕೆ ಇದೆ ಎಂದು ಅರ್ಜಿದಾರರು ಬರೆಯಲಿ.

ಲೋಕಾಯುಕ್ತದ ಪ್ರಮಾಣಪತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪ್ರಮಾಣೀಕೃತ ನಕಲುಗಳು ಹೊರಗಿನವರ ಕೈಗೆ ಬಂದ ಮೇಲೆ ದೂರನ್ನು ಅವರೇ ಕೊಡಬಹುದು. ಆಗ ತಾವು ದೂರುದಾರರಲ್ಲ. ಕಡತದಲ್ಲಿ ಸತ್ಯವನ್ನು ಬರೆದಿಟ್ಟ ನೌಕರ, ಕರೆದರೆ ಹೇಳಿಕೆ ಕೊಡುವ ಸಾಕ್ಷಿ. ಸಾಕ್ಷಿಗೆ ಇಂದು ಜಾರಿಯಲ್ಲಿರುವ ರಕ್ಷಣೆ ಒಂದಿದೆ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ಡಿಸೆಂಬರ್ 5ರಂದು ಅನುಮೋದಿಸಿ, ಸಂಸತ್ತು ಕಾನೂನು ಮಾಡುವವರೆಗೆ ಅದನ್ನೇ ಕಾನೂನೆಂದು ಪಾಲಿಸಬೇಕೆಂದು ಹೇಳಿತು. ಗಂಭೀರ ಅಪರಾಧಗಳ ಸಾಕ್ಷಿಗಳಿಗೆ ಬೆದರಿಕೆ ಬಂದರೆ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಪೊಲೀಸರಿಂದ ಬೆದರಿಕೆಯ ವರದಿ ತರಿಸಿಕೊಂಡು ಆ ಸಮಿತಿ ಕಾವಲು, ಗುರುತಿನ ಗೋಪ್ಯತೆ ಮುಂತಾದ ಆದೇಶಗಳನ್ನು ಕೊಡುತ್ತದೆ. ತಮ್ಮ ಪ್ರಕರಣದ ಕಲಮುಗಳು ಆ ಯೋಜನೆಯ ವ್ಯಾಪ್ತಿಗೆ ಬರುತ್ತವೆಯೇ ಎಂಬುದನ್ನು ಎಫ್‌ಐಆರ್ ನೋಡಿಯೇ ಹೇಳಬೇಕು. ತಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ಇದರ ಅರ್ಜಿಯ ನಮೂನೆಯನ್ನು ಈಗಲೇ ವಿಚಾರಿಸಿಟ್ಟುಕೊಳ್ಳಿ. ಬೆದರಿಕೆ ಬಂದ ದಿನ ಅದನ್ನು ಹುಡುಕುತ್ತ ಕೂರುವಂತಾಗಬಾರದು. ಟಿಪ್ಪಣಿ ಬರೆದ ದಿನ, ಅದು ಯಾರ ಬಳಿಗೆ ಹೋಯಿತು, ಯಾವ ಷರಾದೊಂದಿಗೆ ಮರಳಿತು ಎಂಬುದನ್ನು ಮನೆಯಲ್ಲಿರುವ ಸ್ವಂತ ಡೈರಿಯಲ್ಲಿ ಅದೇ ಸಂಜೆ ಬರೆದಿಡಿ.